ಎಲೆಯೇ ಎಲೆ, ಹೂವಿಲ್ಲದ ಕಾಸ್ಮಾಸ್

ಶಿರಸಿಯಲ್ಲಿ ಮಳೆ ಬಿಟ್ಟಮೇಲೆ ಅಂಗಳದಂಚಿಗೆ ಬಿತ್ತಿದ್ದ ಕಾಸ್ಮಾಸ್ ಎದೆಮಟ್ಟ ಬೆಳೆಯಿತು, ಹೂವಿನ ಸುಳಿವಿಲ್ಲ. ಸಬ್ಬಸಿಗೆ ಸೊಪ್ಪಿನಂಥ ಎಲೆ ಮಾತ್ರ ದಟ್ಟವಾಗಿ. "ಇನ್ನೊಂದು ಬುಟ್ಟಿ ಕೊಟ್ಟಿಗೆ ಗೊಬ್ಬರ ಹಾಕೇ" ಅಂದರು ಅತ್ತೆ. ಹಾಕಲಿಲ್ಲ. ಸಾರಜನಕ ಹೆಚ್ಚಾದರೆ ಈ ಮೆಕ್ಸಿಕೋ ಮೂಲದ ಗಿಡ ಬರೀ ಎಲೆ ಬಿಡುತ್ತದೆ, ಬಡಮಣ್ಣೇ ಇದಕ್ಕೆ ಸುಖ.

ಆದರೆ ಅದೇ ಮಣ್ಣಿನಲ್ಲಿ ದಣಪೆಯ (ಅಂಗಳದ ಗೇಟಿನ) ಬಳಿಯ ಗಿಡಗಳು ಹೂಬಿಟ್ಟಿದ್ದವಲ್ಲ! ವ್ಯತ್ಯಾಸ ಗೊತ್ತಾಗಿದ್ದು ರಾತ್ರಿ. ಜಗಲಿಯ ಎಲ್‌ಇಡಿ ಬಲ್ಬಿನ ಬೆಳಕು ಹೂವಿಲ್ಲದ ಸಾಲಿನ ಮೇಲೇ ಬೀಳುತ್ತಿತ್ತು, ಬೆಳಗಿನವರೆಗೂ. ಸೇವಂತಿಗೆಯ ಹಾಗೆ ಕಾಸ್ಮಾಸ್‌ಗೂ ಬೇಗ ಮೊಗ್ಗು ಕಟ್ಟಲು ದೀರ್ಘವಾದ ಕತ್ತಲೆ ಬೇಕು. ಮಲಗುವಾಗ ದೀಪ ಆರಿಸತೊಡಗಿದೆ (ಕಾಡುಹಂದಿ ಬರುತ್ತದೆಂದು ಮನೆಯಲ್ಲಿ ತಕರಾರು, ಹಂದಿಗೆ ಬಲ್ಬಿನ ಭಯ ಇದ್ದಂತೆ ನನಗೇನೂ ಕಂಡಿಲ್ಲ). ನೀರು ಕಡಿಮೆ ಮಾಡಿ, ಬಾಗಿದ ಗಿಡಗಳಿಗೆ ಅಡಿಕೆ ದಬ್ಬೆ ನೆಟ್ಟು ಬಾಳೆನಾರಿನಲ್ಲಿ ಸಡಿಲವಾಗಿ ಕಟ್ಟಿದೆ. ತುದಿ ಚಿವುಟಲಿಲ್ಲ, ಅದು ಗಿಡ ಗೇಣುದ್ದ ಇದ್ದಾಗಿನ ಕೆಲಸ, ಈಗ ಚಿವುಟಿದರೆ ಹೂ ಇನ್ನೂ ತಡ.

ಮೊದಲ ಮೊಗ್ಗು ಬಂದಿದ್ದು ಜಗಲಿಯಿಂದ ದೂರದ ತುದಿಯಲ್ಲಿ, ಆಮೇಲೆ ಸಾಲಿಗೆ ಸಾಲು. ಈಗ ಬಾಡಿದ ಹೂವನ್ನು ತೊಟ್ಟುಸಮೇತ ಕತ್ತರಿಸುತ್ತಿದ್ದೇನೆ, ಬೀಜಕ್ಕೆಂದು ಒಂದೆರಡು ಗಿಡ ಬಿಟ್ಟು.