ಕುಕ್ಕರ್ ಕೂಗಿದಾಗ

ಕ್ಲೈಂಟ್ ಜೊತೆ ಫೋನಿನಲ್ಲಿದ್ದೆ. ಅಡುಗೆಮನೆಯಲ್ಲಿ ಕುಕ್ಕರ್ ಜೋರಾಗಿ ಕೂಗಿತು. "ಮೇಡಂ, ಆಫೀಸಲ್ಲೇ ಇದ್ದೀರಾ?" ಅಂತ ಅವರು ಕೇಳಿದರು. "ಹೂಂ ಸಾರ್, ಕ್ಯಾಂಟೀನ್ ಹತ್ರ ಇದ್ದೀನಿ" ಅಂದೆ. ಹಸಿ ಸುಳ್ಳು. ಆಫೀಸು ಅಂದರೆ ಬಸವೇಶ್ವರನಗರದ ನಮ್ಮ ಮನೆಯ ಊಟದ ಮೇಜು. ಇದು 2014ರ ಮಾತು.

ಅದಾಗಿ ಸ್ವಲ್ಪ ದಿನಕ್ಕೆ ಸ್ಟೆಫನಿ ಶರ್ಲಿ ಅವರ ಬಗ್ಗೆ ಓದಿದೆ. ಹುಟ್ಟಿದ್ದು 1933ರಲ್ಲಿ, ಜರ್ಮನಿಯಲ್ಲಿ. ಹಿಟ್ಲರನ ಕಾಲದಲ್ಲಿ, ಐದು ವರ್ಷದ ಮಗುವಾಗಿದ್ದಾಗ ಅಕ್ಕನ ಜೊತೆ ರೈಲು ಹತ್ತಿ ಇಂಗ್ಲೆಂಡ್ ಸೇರಿದವರು. 1962ರಲ್ಲಿ ಬರೀ 6 ಪೌಂಡ್ ಬಂಡವಾಳದಲ್ಲಿ ಸಾಫ್ಟ್‌ವೇರ್ ಕಂಪನಿ ಶುರು ಮಾಡಿದರು. ಅವರದ್ದೂ ಊಟದ ಮೇಜೇ! ಹೆಂಗಸಿನ ಹೆಸರಿದ್ದ ಪತ್ರಕ್ಕೆ ಯಾರೂ ಉತ್ತರ ಕೊಡುತ್ತಿರಲಿಲ್ಲ ಅಂತ 'ಸ್ಟೀವ್' ಎಂದು ಸಹಿ ಹಾಕತೊಡಗಿದರು. ಮಗು ಅಳುವುದು ಕೇಳಿಸಬಾರದು ಅಂತ, ಫೋನ್ ಬಂದಾಗ ಟೈಪ್‌ರೈಟರ್ ಸದ್ದಿನ ಟೇಪ್ ಹಾಕುತ್ತಿದ್ದರಂತೆ. ಓದಿ ನಗು ಬಂತು. ಆಮೇಲೆ ನನ್ನ ಕ್ಯಾಂಟೀನ್ ನೆನಪಾಗಿ ನಗು ನಿಂತಿತು.

ನಾವು ನಾಲ್ಕು ಜನ. ಎಲ್ಲರೂ ಮಕ್ಕಳಾದ ಮೇಲೆ ಕೆಲಸ ಬಿಟ್ಟವರು. ಒಬ್ಬರನ್ನೊಬ್ಬರು ಇವತ್ತಿಗೂ ಏರಿಯಾ ಹೆಸರಲ್ಲೇ ಕರೆಯುತ್ತೇವೆ: ಯಲಹಂಕ, ವಿಜಯನಗರ, ಬನಶಂಕರಿ. ಅಂಗಡಿಗಳ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡುವುದು ನಮ್ಮ ಕೆಲಸ.

ಮೊದಲು ಗಂಟೆ ಲೆಕ್ಕದಲ್ಲಿ ದುಡ್ಡು ಕೊಟ್ಟೆ. ಅದೇ ನಾನು ಮಾಡಿದ ದೊಡ್ಡ ತಪ್ಪು. ವಿಜಯನಗರದವರ ಹಾಳೆಯಲ್ಲಿ 11ರಿಂದ 11.20, ಮಧ್ಯಾಹ್ನ 2.10ರಿಂದ 2.50, ರಾತ್ರಿ 10ರಿಂದ 12 ಅಂತ ಇರುತ್ತಿತ್ತು. ಲೆಕ್ಕ ಬರೆಯೋದೇ ಒಂದು ಕೆಲಸ. ಮೇಲಾಗಿ, ಬೇಗ ಮುಗಿಸಿದವರಿಗೆ ಕಡಿಮೆ ದುಡ್ಡು! ಇದ್ಯಾವ ನ್ಯಾಯ?

ಆಮೇಲೆ ಕೆಲಸವನ್ನೇ ಸಣ್ಣ ಸಣ್ಣ ತುಂಡು ಮಾಡಿದೆ. ಹೆಚ್ಚೆಂದರೆ ಎರಡು ಗಂಟೆಯದು. ಒಂದೊಂದು ತುಂಡಿಗೂ ಒಂದು ರೇಟು, ಒಂದು ಪುಟದ ವಿವರಣೆ, ಒಂದು ಮಾದರಿ ಬಿಲ್ಲು. ಯಾವಾಗ ಮಾಡುತ್ತೀರಿ ಅಂತ ಕೇಳುವ ಹಾಗಿಲ್ಲ. ಶರ್ಲಿಯವರ ಪ್ರೋಗ್ರಾಮರ್‌ಗಳೂ ಮನೆಯಲ್ಲಿ ಕೂತು ಪೆನ್ಸಿಲ್‌ನಲ್ಲಿ ಪ್ರೋಗ್ರಾಂ ಬರೆದವರು. ಕಾಂಕಾರ್ಡ್ ವಿಮಾನದ ಬ್ಲ್ಯಾಕ್ ಬಾಕ್ಸ್‌ನ ಪ್ರೋಗ್ರಾಂ ಕೂಡ ಹಾಗೇ ಆಗಿದ್ದು. ಕೆಲಸಕ್ಕೆ ತಗೊಳ್ಳುವಾಗ ಅವರು, ಫೋನ್ ಸೌಲಭ್ಯ ಇದೆಯಾ ಅಂತ ಕೇಳುತ್ತಿದ್ದರು. ನಾನು ಯುಪಿಎಸ್ ಇದೆಯಾ ಅಂತ ಕೇಳುತ್ತೇನೆ, ಅಷ್ಟೇ ವ್ಯತ್ಯಾಸ.

ಇನ್ನೊಂದು ನಿಯಮವನ್ನು ಇವತ್ತಿಗೂ ಬಿಟ್ಟಿಲ್ಲ. ಒಬ್ಬರು ಬರೆದದ್ದನ್ನು ಇನ್ನೊಬ್ಬರು ಓದಲೇಬೇಕು. 2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಅದರ ಹಿಂದಿನ ವಾರ ಬನಶಂಕರಿಯವರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿದರು. "125.50ಕ್ಕೆ 18 ಪರ್ಸೆಂಟ್ ಹಾಕಿ ನೋಡಿ." 22.59 ಬಂತು. "ಈಗ ಕೇಂದ್ರದ್ದು ಒಂಬತ್ತು, ರಾಜ್ಯದ್ದು ಒಂಬತ್ತು ಅಂತ ಬೇರೆಬೇರೆ ಹಾಕಿ." 11.295, ರೌಂಡ್ ಮಾಡಿದರೆ 11.30. ಎರಡೂ ಕೂಡಿದರೆ 22.60. ಒಂದೇ ಪೈಸೆ ಜಾಸ್ತಿ. ಆದರೆ ದಿನಕ್ಕೆ ಮುನ್ನೂರು ಬಿಲ್ಲು ಹಾಕುವ ಎಸ್‌.ಪಿ. ರಸ್ತೆಯ ಅಂಗಡಿಯವರು ತಿಂಗಳ ಕೊನೆಗೆ ಲೆಕ್ಕ ತಾಳೆಯಾಗದೆ ನಮ್ಮ ಮನೆಗೇ ಬರುತ್ತಿದ್ದರು. ಬರೆದಿದ್ದು ನಾನೇ!

ಸುಳ್ಳು ಹೇಳೋದನ್ನು 2016ರಲ್ಲೇ ಬಿಟ್ಟಿದ್ದೆ. ಮನೆಯಿಂದಲೇ ಕೆಲಸ ಅಂತ ಹೇಳಿದ್ದಕ್ಕೆ ಒಬ್ಬ ಕ್ಲೈಂಟ್ ಹೋದರು. ಉಳಿದವರಿಗೆ ಬಿಲ್ಲು ಸರಿ ಬಂದರೆ ಸಾಕಿತ್ತು.

ಶರ್ಲಿ ಮೊದಲ 300 ಜನರಲ್ಲಿ 297 ಹೆಂಗಸರನ್ನೇ ಇಟ್ಟುಕೊಂಡಿದ್ದರು. 1975ರಲ್ಲಿ ಲಿಂಗ ತಾರತಮ್ಯದ ವಿರುದ್ಧ ಕಾನೂನು ಬಂದು, ಗಂಡಸರನ್ನೂ ಸೇರಿಸಿಕೊಳ್ಳಬೇಕಾಯಿತು. ಮಗ ಜೈಲ್ಸ್‌ಗೆ ಆಟಿಸಂ ಇತ್ತು, 1998ರಲ್ಲಿ ತೀರಿಕೊಂಡ. ಅವರು ದಾನ ಮಾಡಿದ 6.5 ಕೋಟಿಗೂ ಜಾಸ್ತಿ ಪೌಂಡ್‌ನಲ್ಲಿ ಬಹಳಷ್ಟು ಆಟಿಸಂ ಕೆಲಸಕ್ಕೇ ಹೋಯಿತು. ಆದರೆ ನನ್ನನ್ನು ಕಾಡುವುದು ಅದಕ್ಕಿಂತ ಮುಂಚಿನದು. ಕಂಪನಿಯ ಪಾಲನ್ನು ಕೆಲಸದವರಿಗೇ ಹಂಚಿದ್ದರಿಂದ 70 ಜನ ಮಿಲಿಯನೇರ್ ಆದರು.

2025ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡ ಸುದ್ದಿ ಓದಿ, ಆಡಿಟರ್ ಹತ್ತಿರ ಹೋದೆ. ನಾಲ್ಕು ಜನಕ್ಕೂ ಸಮಪಾಲು ಮಾಡಬಹುದಾ ಅಂತ ಕೇಳಿದೆ. "ಯಾಕೆ ಮೇಡಂ, ಚೆನ್ನಾಗೇ ನಡೀತಿದೆಯಲ್ಲ?" ಅಂದರು. ಯಲಹಂಕದವರಿಗೆ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ನಷ್ಟ ಆದ್ರೆ ಅದ್ರಲ್ಲೂ ಪಾಲಾ?" ಅಂದರು.

ಸಮಪಾಲಿನ ಪತ್ರ ಇನ್ನೂ ಡ್ರಾಫ್ಟ್‌ನಲ್ಲೇ ಇದೆ.