ಹೊಸ ಗ್ರೂಪ್ ಬೇಕೇ? ಮತಕ್ಕೆ ಹಾಕುವ ಮೊದಲು ಕರಡು ಬರೆಯಿರಿ

ಬೆಂಗಳೂರಿನ ಯಾವ ಅಪಾರ್ಟ್‌ಮೆಂಟ್, ಯಾವ ಲೇಔಟಿನ ವಾಟ್ಸ್‌ಆ್ಯಪ್ ಗ್ರೂಪ್ ತೆರೆದರೂ ಒಂದೇ ಕಥೆ. ಗುಡ್ ಮಾರ್ನಿಂಗ್ ಹೂವು, ಕರೆಂಟ್ ಯಾವಾಗ ಬರುತ್ತೆ ಎಂಬ ಪ್ರಶ್ನೆ, ಕಳೆದುಹೋದ ಬೈಕ್ ಕೀ. ಇವುಗಳ ನಡುವೆ ‘ನಾಳೆ ಕಾವೇರಿ ನೀರು ಬರಲ್ಲ’ ಎಂಬ ಸಂದೇಶ ಯಾರ ಕಣ್ಣಿಗೂ ಬೀಳುವುದಿಲ್ಲ. ಆಗ ಒಬ್ಬರು ಎದ್ದು, ‘ನೀರಿಗೆ ಅಂತ ಬೇರೆ ಗ್ರೂಪ್ ಮಾಡೋಣ, ಬೇಕು ಅನ್ನೋರು ಥಂಬ್ಸ್ ಅಪ್ ಹಾಕಿ’ ಎನ್ನುತ್ತಾರೆ. ಒಂದಷ್ಟು ಹೆಬ್ಬೆರಳು ಬೀಳುತ್ತವೆ, ಸಂಜೆಯೊಳಗೆ ಗ್ರೂಪ್ ತಯಾರು. ಸ್ವಲ್ಪ ದಿನಕ್ಕೆ ಅಲ್ಲೂ ಗುಡ್ ಮಾರ್ನಿಂಗ್, ಅಡ್ಮಿನ್ ಯಾರೆಂದು ಜಗಳ, ಬೇಸತ್ತವರಿಂದ ಇನ್ನೊಂದು ಗ್ರೂಪ್. ಇದು ಎಷ್ಟೋ ಕಡೆ ಹೀಗೇ ಹಾಳಾದದ್ದನ್ನು ನೋಡಿದ್ದರಿಂದಲೇ ಈ ಲೇಖನ.

ಇದಕ್ಕೊಂದು ಹಳೆಯ, ಪಳಗಿದ ವಿಧಾನವಿದೆ. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲಿಸ್ ಯೂಸ್‌ನೆಟ್ ಎಂಬ ಜಾಲವನ್ನು ರೂಪಿಸಿದರು. ವಿಷಯಕ್ಕೊಂದರಂತೆ ಅಲ್ಲಿ ಚರ್ಚಾಗುಂಪುಗಳಿದ್ದವು. ಜನ ಹೆಚ್ಚಿದಂತೆ ಹೊಸ ಗುಂಪು ಬೇಕೆಂಬ ಕೂಗೂ ಹೆಚ್ಚಿತು. ಕೊನೆಗೆ ಮುಖ್ಯ ವಿಭಾಗಗಳಲ್ಲಿ ಹೊಸ ಗುಂಪು ತೆರೆಯಲು ಮೊದಲು ಚರ್ಚೆ, ಆಮೇಲೆ ಮತದಾನ ಎಂಬ ಪದ್ಧತಿ ಗಟ್ಟಿಯಾಯಿತು. ಅದರ ಸಹವಾಸವೇ ಬೇಡವೆಂದವರು 1987ರಲ್ಲಿ ‘ಆಲ್ಟ್’ ಎಂಬ ಬೇರೆ ವಿಭಾಗ ಕಟ್ಟಿಕೊಂಡರು. ಅಲ್ಲಿ ಮತವಿಲ್ಲ, ಬೇಕಾದವರು ಗುಂಪು ತೆರೆಯಬಹುದು. ಅಲ್ಲಿ ಒಳ್ಳೆಯ ಗುಂಪುಗಳೂ ಹುಟ್ಟಿದವು, ಯಾರೂ ಬರೆಯದ ಖಾಲಿ ಗುಂಪುಗಳೂ ರಾಶಿ ಬಿದ್ದವು. 2006ರ ಹೊತ್ತಿಗೆ ಮುಖ್ಯ ವಿಭಾಗಗಳಲ್ಲೂ ಮತದಾನ ಹೋಗಿ, ಒಂದು ಮಂಡಳಿಯೇ ತೀರ್ಮಾನಿಸುವ ಕ್ರಮ ಬಂತು. ಆದರೆ ಒಂದು ಲೇಔಟಿನ ಅಳತೆಗೆ ಆ ಹಳೆಯ ಮತಪದ್ಧತಿಯಷ್ಟು ಒಪ್ಪುವಂಥದ್ದು ನನಗೆ ಬೇರೆ ಕಂಡಿಲ್ಲ.

ಮೊದಲು ಕರಡು

ಎಲ್ಲರೂ ಎಡವುವುದು ಇಲ್ಲೇ. ಕರಡಿಲ್ಲದೆ ಮತ ಕೇಳುವುದೆಂದರೆ ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿದಂತೆ. ‘ನೀರಿನ ಗ್ರೂಪ್’ ಎಂದಾಗ ಒಬ್ಬರ ತಲೆಯಲ್ಲಿ ಟ್ಯಾಂಕರ್ ಬರುವ ಹೊತ್ತು, ಇನ್ನೊಬ್ಬರ ತಲೆಯಲ್ಲಿ ಟ್ಯಾಂಕರ್ ದರದ ಜಗಳ, ಮತ್ತೊಬ್ಬರಿಗೆ ಮಳೆನೀರು ಕೊಯ್ಲು. ಮೂವರೂ ‘ಬೇಕು’ ಎನ್ನುತ್ತಾರೆ, ಮೂವರೂ ಕೇಳುತ್ತಿರುವುದು ಬೇರೆ ಬೇರೆ ಗ್ರೂಪು. ಆದ್ದರಿಂದ ಒಂದು ಪುಟ ಮೀರದಂತೆ ಹೀಗೆ ಬರೆಯಿರಿ:

‘ಹೆಸರು: ನೀರು ಮತ್ತು ಟ್ಯಾಂಕರ್. ವಿಷಯ: ಕಾವೇರಿ ನೀರು ಬಿಡುವ ಸಮಯ, ಬೋರ್‌ವೆಲ್ ಮೋಟಾರ್, ಸಂಪ್ ತೊಳೆಯುವ ದಿನ, ಟ್ಯಾಂಕರ್ ಹೊತ್ತು ಮತ್ತು ದರ. ಇಲ್ಲಿ ಬೇಡ: ಮೆಂಟೆನೆನ್ಸ್ ಬಾಕಿ, ಫಾರ್ವರ್ಡ್, ಶುಭಾಶಯ. ಸದಸ್ಯರು: ಸದ್ಯ ಇಲ್ಲಿ ವಾಸವಿರುವವರು, ಬಾಡಿಗೆದಾರರೂ ಸೇರಿ. ಅಡ್ಮಿನ್: ಇಬ್ಬರು, ಆರು ತಿಂಗಳಿಗೊಮ್ಮೆ ಬದಲಾವಣೆ. ನಿಯಮ ಮೀರಿದರೆ: ಮೊದಲು ಖಾಸಗಿಯಾಗಿ ಹೇಳುವುದು, ಮತ್ತೆ ಮಾಡಿದರೆ ಸಂದೇಶ ಅಳಿಸುವುದು.’

‘ಇಲ್ಲಿ ಬೇಡ’ ಎಂಬ ಸಾಲನ್ನು ಯಾವ ಕಾರಣಕ್ಕೂ ಬಿಡಬೇಡಿ. ಮುಂದೆ ಅಡ್ಮಿನ್ ಒಂದು ಸಂದೇಶ ಅಳಿಸಿದಾಗ ‘ನನ್ನ ಮೇಲೆ ದ್ವೇಷ’ ಎಂಬ ಮಾತು ಬರದಂತೆ ತಡೆಯುವುದು ಆ ಸಾಲೇ. ಎಲ್ಲರೂ ಬರೆಯಬಹುದೇ, ಅಡ್ಮಿನ್ ಮಾತ್ರವೇ ಎನ್ನುವುದೂ ಮತಕ್ಕೆ ಮುಂಚೆಯೇ ಕರಡಿನಲ್ಲಿರಲಿ. ಯೂಸ್‌ನೆಟ್ಟಿನ ಪ್ರಸ್ತಾವಗಳಲ್ಲೂ ಸಂದೇಶ ನೋಡಿ ಬಿಡುವವರು ಇರುತ್ತಾರೋ ಇಲ್ಲವೋ ಎಂದು ಮೊದಲೇ ಹೇಳಬೇಕಿತ್ತು.

ಹೆಸರಿನ ವಿಷಯ ಹಗುರವಲ್ಲ. 1989ರಲ್ಲಿ ಯೂಸ್‌ನೆಟ್ಟಿನಲ್ಲಿ ಅಕ್ವೇರಿಯಂ ಮೀನು ಸಾಕುವವರಿಗಾಗಿ ಒಂದು ಗುಂಪಿನ ಪ್ರಸ್ತಾವ ಬಂತು, ಆದರೆ ಹವ್ಯಾಸದ ವಿಭಾಗದಲ್ಲಲ್ಲ, ವಿಜ್ಞಾನದ ವಿಭಾಗದಲ್ಲಿ. ವಿಜ್ಞಾನದ ಗುಂಪುಗಳು ಹೆಚ್ಚು ಕಡೆ ತಲುಪುತ್ತವೆ ಎಂಬ ಲೆಕ್ಕಾಚಾರ ಅದರ ಹಿಂದಿತ್ತು. ಮೀನಿನ ಗುಂಪು ಬೇಡವೆಂದವರು ಕಡಿಮೆ, ಹೆಸರಿನ ಮೇಲೆ ಎದ್ದ ಜಗಳ ಮಾತ್ರ ದೊಡ್ಡದು. ನಿಮ್ಮ ಲೇಔಟಿನಲ್ಲೂ ‘ನಿವಾಸಿಗಳ ಅಧಿಕೃತ ಗ್ರೂಪ್’ ಎಂಬಂಥ ಹೆಸರು ಬೇಡ. ಅಧಿಕೃತ ಅನ್ನುವುದನ್ನು ಸಂಘ ಹೇಳಬೇಕು.

ಆಮೇಲೆ ಚರ್ಚೆ

ಯೂಸ್‌ನೆಟ್ಟಿನಲ್ಲಿ ಚರ್ಚೆಗೆ ಕನಿಷ್ಠ 3 ವಾರ ಇತ್ತು. ಅಪಾರ್ಟ್‌ಮೆಂಟಿಗೆ 10 ದಿನ ಸಾಕು, ಆದರೆ ಅದರಲ್ಲಿ ಒಂದು ಭಾನುವಾರ ಇರಲೇಬೇಕು. ದಸರಾ, ಯುಗಾದಿ ಹೊತ್ತಿಗೆ ಇಡಬೇಡಿ, ಅರ್ಧ ಬೆಂಗಳೂರು ಊರಿಗೆ ಹೋಗಿರುತ್ತದೆ. ಆಕ್ಷೇಪ ಬಂದರೆ ಕರಡು ತಿದ್ದಿ, ‘ಕರಡು 2’ ಎಂದು ಮೇಲೆ ಬರೆದು ಮತ್ತೆ ಹಾಕಿ. ಮತ ಶುರುವಾದ ಮೇಲೆ ಒಂದಕ್ಷರವನ್ನೂ ಮುಟ್ಟಬಾರದು.

ಮತಕ್ಕೆ ಹಾಕುವುದು

ಪ್ರಶ್ನೆ ಒಂದೇ ಇರಲಿ. ‘ನೀರಿನ ಸಮಸ್ಯೆಗೆ ಪರಿಹಾರ ಬೇಕಲ್ವಾ? ಗ್ರೂಪ್ ಮಾಡಿ ರಾಯರನ್ನೇ ಅಡ್ಮಿನ್ ಮಾಡೋಣ್ವಾ?’ ಎಂಬ ಪ್ರಶ್ನೆಯನ್ನು ನೋಡಿದ್ದೇನೆ. ಅದರಲ್ಲಿ ಮೂರು ಪ್ರಶ್ನೆಗಳಿವೆ, ಉತ್ತರಕ್ಕೆ ಜಾಗ ಒಂದೇ. ಹೀಗೆ ಕೇಳಿ: ‘ಕರಡು 2ರಲ್ಲಿ ಇರುವಂತೆ ನೀರು ಮತ್ತು ಟ್ಯಾಂಕರ್ ಗ್ರೂಪ್ ತೆರೆಯಬೇಕೇ? ಬೇಕು, ಬೇಡ, ತಟಸ್ಥ.’ ಕರಡು ಪೂರ್ತಿಯಾಗಿ ಪ್ರಶ್ನೆಯ ಕೆಳಗೇ ಇರಲಿ.

ಮನೆಗೊಂದು ಮತವೋ, ತಲೆಗೊಂದು ಮತವೋ? ನನ್ನ ಮಾತು ಕೇಳುವುದಾದರೆ ಮನೆಗೊಂದೇ, ಅದೂ ಅಲ್ಲಿ ವಾಸವಿರುವವರದು. ಬಕೆಟ್ ಹಿಡಿದು ಕಾಯುವವರು ಬಾಡಿಗೆದಾರರು. ಊರಾಚೆ ಇರುವ ಮಾಲೀಕರು ನೀರಿನ ಗ್ರೂಪನ್ನು ತೀರ್ಮಾನಿಸುವುದು ನ್ಯಾಯವಲ್ಲ. ಸಂಘದ ಲೆಕ್ಕಪತ್ರದ ಗ್ರೂಪಾದರೆ ಮಾತು ಬೇರೆ, ಅಲ್ಲಿ ಮತ ಮಾಲೀಕರದೇ. ‘ಪಕ್ಕದ ಮನೆ ಆಂಟಿ ಪರವಾಗಿ ನಾನೇ ಹಾಕ್ತೀನಿ’ ಎನ್ನುವುದಕ್ಕೆ ಒಪ್ಪಬೇಡಿ. ಯೂಸ್‌ನೆಟ್ಟಿನಲ್ಲೂ ಪ್ರತಿಯೊಬ್ಬರೂ ತಮ್ಮದೇ ಇಮೇಲಿನಿಂದ ಮತ ಕಳಿಸಬೇಕಿತ್ತು.

ಇನ್ನು ಸಾಧನ. ವಾಟ್ಸ್‌ಆ್ಯಪ್ ಪೋಲ್ ಸುಲಭ, ನಿಜ. ಆದರೆ ಯಾರು ಏನು ಒತ್ತಿದರೆಂದು ಆ ಕ್ಷಣವೇ ಎಲ್ಲರಿಗೂ ಕಾಣುತ್ತದೆ. ಕಾರ್ಯದರ್ಶಿ ‘ಬೇಕು’ ಎಂದದ್ದು ಕಂಡ ಮೇಲೆ ‘ಬೇಡ’ ಎನ್ನಲು ಹಿಂಜರಿಯುವವರು ಬಹಳ. ‘ಒಂದಕ್ಕಿಂತ ಹೆಚ್ಚು ಉತ್ತರ’ ಎಂಬ ಆಯ್ಕೆಯನ್ನು ಆಫ್ ಮಾಡಲು ಮರೆತರೆ ಒಬ್ಬರೇ ಬೇಕು, ಬೇಡ ಎರಡನ್ನೂ ಒತ್ತಬಹುದು. ನಾನು ಹೇಳುವುದು ಗೂಗಲ್ ಫಾರ್ಮ್. ಮನೆ ನಂಬರ್, ಹೆಸರು, ಉತ್ತರ, ಇಷ್ಟೇ ಕೇಳಿ. ಒಬ್ಬರಿಗೆ ಒಂದೇ ಉತ್ತರ ಎಂಬ ಮಿತಿ ಹಾಕಿದರೆ ಗೂಗಲ್ ಖಾತೆಯಿಂದ ಲಾಗಿನ್ ಆಗಬೇಕಾಗುತ್ತದೆ, ಅದು ಬರದ ಹಿರಿಯರಿಗೆ ಸಂಘದ ಆಫೀಸಿನಲ್ಲಿ ಒಂದು ನೋಟ್‌ಬುಕ್ ಇಡಿ. ಫೋನ್ ನಂಬರ್ ಕೇಳಿ ಓಟಿಪಿ ಕಳಿಸುವ, ಪುಟದ ತುಂಬ ಜಾಹೀರಾತು ತೋರಿಸುವ ಬಿಟ್ಟಿ ಪೋಲ್ ಸೈಟುಗಳ ಹತ್ತಿರ ಸುಳಿಯಲೇಬೇಡಿ. ನೆರೆಹೊರೆಯವರ ನಂಬರುಗಳನ್ನು ಅಪರಿಚಿತರ ಕೈಗೆ ಕೊಡುವ ಹಕ್ಕು ನಿಮಗಿಲ್ಲ.

ಮತ ಎಣಿಸುವವರು ಪ್ರಸ್ತಾವ ತಂದವರಾಗಿರಬಾರದು. ಯೂಸ್‌ನೆಟ್ಟಿನಲ್ಲಿ ಮೊದಮೊದಲು ಪ್ರಸ್ತಾವ ತಂದವರೇ ಎಣಿಸುತ್ತಿದ್ದರು. 1993ರಿಂದ ಆ ಕೆಲಸಕ್ಕೆಂದೇ ತಟಸ್ಥ ಸ್ವಯಂಸೇವಕರ ತಂಡ ಬಂತು. ನಿಮ್ಮಲ್ಲೂ ಈ ಗ್ರೂಪಿನ ಬಗ್ಗೆ ಪರ-ವಿರೋಧ ಏನೂ ಇಲ್ಲದ ಒಬ್ಬರು ಸಿಗುತ್ತಾರೆ, ಫಾರ್ಮ್ ಅವರ ಖಾತೆಯಲ್ಲೇ ಇರಲಿ. ಮತಕ್ಕೆ 7 ದಿನ ಕೊಡಿ.

ಎಣಿಕೆ

ಗೆಲುವಿನ ಲೆಕ್ಕ ಕರಡಿನ ದಿನವೇ ಗೊತ್ತಿರಬೇಕು. ಯೂಸ್‌ನೆಟ್ಟಿನಲ್ಲಿ ಎರಡು ಷರತ್ತುಗಳಿದ್ದವು. ‘ಬೇಡ’ಕ್ಕಿಂತ ‘ಬೇಕು’ ಕನಿಷ್ಠ 100 ಹೆಚ್ಚಿರಬೇಕು, ಜೊತೆಗೆ ಬಿದ್ದ ಮತಗಳಲ್ಲಿ ಮೂರನೇ ಎರಡು ಪಾಲು ‘ಬೇಕು’ ಇರಬೇಕು. ತಟಸ್ಥ ಮತ ಎರಡಕ್ಕೂ ಲೆಕ್ಕವಿಲ್ಲ. ಒಂದೇ ಷರತ್ತು ಯಾಕೆ ಸಾಲದು? 240 ಮನೆಗಳ ಅಪಾರ್ಟ್‌ಮೆಂಟ್ ಎಂದುಕೊಳ್ಳಿ, 100ರ ಬದಲು ಮನೆಗಳ ಹತ್ತನೇ ಒಂದು ಪಾಲು, ಅಂದರೆ 24 ಮತಗಳ ಅಂತರ ಇಟ್ಟುಕೊಳ್ಳಿ. 20 ಬೇಕು, 2 ಬೇಡ ಬಂದರೆ ಪಾಲು ಭರ್ಜರಿ, ಆದರೆ ಅಂತರ 18. ಆಸಕ್ತಿ ಇರುವವರೇ ಅಷ್ಟಿಲ್ಲ, ಗ್ರೂಪ್ ಖಾಲಿ ಬೀಳುತ್ತದೆ. 110 ಬೇಕು, 80 ಬೇಡ ಬಂದರೆ ಅಂತರ 30, ಆದರೆ ಪಾಲು ಶೇ 58ಕ್ಕೂ ಕಡಿಮೆ. ಇಷ್ಟು ವಿರೋಧದ ನಡುವೆ ತೆರೆದರೆ ಮೊದಲ ದಿನದಿಂದಲೇ ಕದನ. 61 ಬೇಕು, 30 ಬೇಡ ಬಂದರೆ ಎರಡೂ ದಾಟುತ್ತದೆ, ತೆರೆಯಬಹುದು.

‘ಮೌನಂ ಸಮ್ಮತಿ ಲಕ್ಷಣಂ’ ಎಂದು ಸುಮ್ಮನಿದ್ದವರನ್ನೆಲ್ಲ ‘ಬೇಕು’ ಕಡೆ ಸೇರಿಸುವ ಕೆಲಸ ಮಾತ್ರ ಬೇಡ. ಸುಮ್ಮನಿದ್ದವರು ಮತ ಹಾಕಿಲ್ಲ, ಅಷ್ಟೇ.

ಫಲಿತಾಂಶವನ್ನು ಮನೆ ನಂಬರ್, ಮತ ಎರಡರ ಜೊತೆಗೂ ಪ್ರಕಟಿಸಿ, ಹೀಗೆ ಪ್ರಕಟವಾಗುತ್ತದೆಂದು ಫಾರ್ಮಿನಲ್ಲೇ ಮೊದಲು ತಿಳಿಸಿ. ಯೂಸ್‌ನೆಟ್ಟಿನಲ್ಲಿ ಮತ ಹಾಕಿದವರ ಹೆಸರಿನ ಪಟ್ಟಿಯೇ ಹೊರಬೀಳುತ್ತಿತ್ತು, ತಪ್ಪಿದ್ದರೆ ಹೇಳಲು 5 ದಿನ ಇರುತ್ತಿತ್ತು. ನಿಮಗೆ 3 ದಿನ ಸಾಕು. ‘ನಾನು ಹಾಕಿದ್ದು ಬೇಡ, ಪಟ್ಟಿಯಲ್ಲಿ ಬೇಕು ಅಂತಿದೆ’ ಎನ್ನುವವರು ಆಗಲೇ ಹೇಳಿಬಿಡುತ್ತಾರೆ.

ಗೆದ್ದರೆ ಗ್ರೂಪ್ ತೆರೆದು, ಕರಡನ್ನು ವಿವರಣೆಯಲ್ಲಿ ಅಂಟಿಸಿ, ಲಿಂಕ್ ಹಾಕಿ. ಯಾರನ್ನೂ ಕೇಳದೆ ಸೇರಿಸಬೇಡಿ.

ಸೋತರೆ ಆರು ತಿಂಗಳು ಅದೇ ಪ್ರಸ್ತಾವ ಮತ್ತೆ ತರುವಂತಿಲ್ಲ. ಯೂಸ್‌ನೆಟ್ಟಿನ ಈ ನಿಯಮವನ್ನು ಹಾಗೇ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾರಕ್ಕೊಂದು ಪೋಲ್ ಬರುತ್ತದೆ. ಅಲ್ಲಿಯವರೆಗೆ ಹಳೆಯ ಗ್ರೂಪಿನಲ್ಲೇ ನೀರಿನ ಸಂದೇಶಗಳೆಲ್ಲ ‘ನೀರು:’ ಎಂದು ಶುರುವಾಗುವ ರೂಢಿ ಮಾಡಿಸಿ. ಹುಡುಕಿದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ, ತಿಂಗಳಿಗೆ ಎಷ್ಟು ಬಂದವೆಂದು ಎಣಿಸಲೂಬಹುದು. ಮುಂದಿನ ಕರಡಿನ ಮೊದಲ ಸಾಲಿನಲ್ಲಿ ಆ ಎಣಿಕೆಯನ್ನೇ ಬರೆಯಿರಿ.