ವಾರ್ಷಿಕ ಪರೀಕ್ಷೆಯಲ್ಲಿ ಹಳ್ಳಿಯ ಮಗು ಹಿಂದೆ ಬೀಳುವ ಕಾರಣವನ್ನು ಜೂನ್‌ನಲ್ಲಿಯೇ ಗುರುತಿಸುವ ಬಗೆ

ಐದನೆಯ ತರಗತಿಯ ಮಗುವೊಂದು ಮಾರ್ಚ್ ತಿಂಗಳ ಪರೀಕ್ಷೆಯಲ್ಲಿ ಉತ್ತರಪತ್ರಿಕೆಯನ್ನು ಖಾಲಿ ಬಿಟ್ಟು ಬಂದರೆ, ಕಾರಣವನ್ನು ಐದನೆಯ ತರಗತಿಯ ಪಾಠಗಳಲ್ಲಿ ಹುಡುಕುವುದು ಬಹುಮಟ್ಟಿಗೆ ವ್ಯರ್ಥ. ಆ ಮಗುವಿನ ಕಲಿಕೆ ಸಾಮಾನ್ಯವಾಗಿ ಎರಡು ಮೂರು ವರ್ಷಗಳ ಹಿಂದೆಯೇ ಯಾವುದೋ ಹಂತದಲ್ಲಿ ನಿಂತುಹೋಗಿರುತ್ತದೆ. ಕರ್ನಾಟಕದ ಸರ್ಕಾರಿ ಶಾಲೆಗಳ ಶಿಕ್ಷಕರು ಮತ್ತು ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರು ಆ ಹಂತವನ್ನು ಶಾಲೆ ಆರಂಭವಾದ ಮೊದಲ ತಿಂಗಳಲ್ಲಿಯೇ ಕಂಡುಕೊಳ್ಳಬಹುದು.

ಮೊದಲಿಗೆ ಪ್ರತಿ ಮಗುವನ್ನೂ ಒಬ್ಬೊಬ್ಬರನ್ನಾಗಿ ಕೂರಿಸಿಕೊಂಡು ಓದಿಸಬೇಕು. ಗುಂಪಿನಲ್ಲಿ ಓದಿಸಿದರೆ ಓದಲು ಬಾರದ ಮಗು ಪಕ್ಕದವರ ದನಿಗೆ ದನಿಗೂಡಿಸಿ ತಪ್ಪಿಸಿಕೊಳ್ಳುತ್ತದೆ. 'ಕಮಲ', 'ಬಾಳೆ' ಎಂಬಂಥ ಸರಳ ಪದಗಳಿಂದ ಆರಂಭಿಸಿ, 'ಅಜ್ಜ', 'ಎಮ್ಮೆ' ಎಂಬ ಸಜಾತೀಯ ಒತ್ತಕ್ಷರಗಳಿಗೆ ಹೋಗಿ, ಕೊನೆಗೆ 'ರಾಷ್ಟ್ರ', 'ಸ್ವಾತಂತ್ರ್ಯ' ಎಂಬ ವಿಜಾತೀಯ ಒತ್ತಕ್ಷರಗಳನ್ನು ಕೊಡಿ. ಈ ಕೊನೆಯ ಮೆಟ್ಟಿಲಲ್ಲಿ ನಿಂತ ಮಗುವಿಗೆ ಪರಿಸರ ಅಧ್ಯಯನದ ಪ್ರಶ್ನೆಯ ಉತ್ತರ ಬಾಯಲ್ಲಿ ಗೊತ್ತಿದ್ದರೂ, ಪ್ರಶ್ನೆಯನ್ನೇ ಓದಲಾಗದೆ ಅಂಕ ಕಳೆದುಕೊಳ್ಳುತ್ತದೆ. ಓದಿದ ಪ್ಯಾರಾದ ಅರ್ಥವನ್ನು ತನ್ನ ಮಾತಿನಲ್ಲಿ ಹೇಳಲು ಕೇಳುವುದನ್ನು ಮರೆಯಬಾರದು. ಲಂಬಾಣಿ, ಉರ್ದು ಅಥವಾ ತೆಲುಗು ಮನೆಮಾತಿನ ಮಕ್ಕಳು ಅಕ್ಷರಗಳನ್ನು ಸರಾಗವಾಗಿ ಉಚ್ಚರಿಸಿಯೂ ಅರ್ಥ ಗ್ರಹಿಸದೆ ಇರಬಹುದು.

ಗಣಿತಕ್ಕೆ ಒಂದೇ ಲೆಕ್ಕ ಸಾಕಷ್ಟು ಹೇಳುತ್ತದೆ. 52ರಲ್ಲಿ 27 ಕಳೆಯಲು ಹೇಳಿದಾಗ ಮಗು 35 ಎಂದು ಬರೆದರೆ, ಅದು ಪ್ರತಿ ಸ್ಥಾನದಲ್ಲೂ ದೊಡ್ಡ ಅಂಕಿಯಿಂದ ಚಿಕ್ಕದನ್ನು ಕಳೆದಿದೆ. ಹತ್ತರ ಸ್ಥಾನದಿಂದ ಒಂದು ಹತ್ತನ್ನು ತೆಗೆದು ಬಿಡಿಯಾಗಿಸುವುದು ಅದಕ್ಕೆ ತಿಳಿದಿಲ್ಲ. ಇಂಥ ಮಗುವಿಗೆ ಭಾಗಾಕಾರವನ್ನು ಎಷ್ಟು ಸಲ ಹೇಳಿಕೊಟ್ಟರೂ ನಿಲ್ಲದು. ಕಡ್ಡಿಗಳನ್ನು ಹತ್ತರ ಕಟ್ಟು ಕಟ್ಟಿಸಿ, ಬಿಚ್ಚಿಸಿ, ಕಳೆಯುವುದನ್ನು ಕಲಿಸಿದ ಮೇಲೆಯೇ ಮುಂದೆ ಹೋಗಬೇಕು.

ಆಮೇಲೆ ಹಿಂದಿನ ವರ್ಷಗಳ ಹಾಜರಾತಿ ಪುಸ್ತಕ ತೆರೆಯಿರಿ. ಗೈರುಹಾಜರಿಯ ಒಟ್ಟು ದಿನಗಳಿಗಿಂತ ಅದು ಯಾವ ತಿಂಗಳುಗಳಲ್ಲಿ ಬಿದ್ದಿದೆ ಎಂಬುದು ಮುಖ್ಯ. ರಾಯಚೂರು, ಯಾದಗಿರಿ ಕಡೆ ಹತ್ತಿ ಬಿಡಿಸುವ ಕಾಲದಲ್ಲಿ ಮಕ್ಕಳು ಹೊಲಕ್ಕೆ ಹೋಗುತ್ತಾರೆ, ಇಲ್ಲವೇ ತಾಯಿ ಹೋದಾಗ ತಮ್ಮ ತಂಗಿಯರನ್ನು ನೋಡಿಕೊಳ್ಳಲು ಹಿರಿಯ ಹುಡುಗಿ ಮನೆಯಲ್ಲಿ ಉಳಿಯುತ್ತಾಳೆ. ಗುಳೆ ಹೋಗುವ ಕುಟುಂಬಗಳ ಮಕ್ಕಳು ತಿಂಗಳುಗಟ್ಟಲೆ ಪಾಠವಿಲ್ಲದೆ ಇದ್ದು, ಪರೀಕ್ಷೆಯ ಹೊತ್ತಿಗೆ ಬಂದು ಕೂರುತ್ತಾರೆ. ಆದ್ದರಿಂದ ಎಸ್‌ಡಿಎಂಸಿ ಸದಸ್ಯರು ಮನೆಯವರು ಹೊರಡುವ ಮೊದಲೇ ಭೇಟಿಯಾಗಿ, ಮಗುವನ್ನು ಅಜ್ಜಿಯ ಬಳಿ ಅಥವಾ ಹಾಸ್ಟೆಲ್‌ನಲ್ಲಿ ಬಿಡಲು ಸಾಧ್ಯವೇ ಎಂದು ವಿಚಾರಿಸಬೇಕು. ಸಾಧ್ಯವಿಲ್ಲವೆಂದಾದರೆ, ಅವರು ಹೋಗುವ ಊರಿನ ಶಾಲೆಗೆ ಸೇರಿಸಲು ತಿಳಿಸಬೇಕು. ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸಲು 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಅವಕಾಶವಿಲ್ಲ. ಈ ವಿಷಯ ಎಷ್ಟೋ ಪೋಷಕರಿಗೆ ತಿಳಿದೇ ಇಲ್ಲವೆಂಬುದು ನೋವಿನ ಸಂಗತಿ.

ಶಾಲೆಯ ಕಡೆಯ ಕಾರಣಗಳನ್ನೂ ಪ್ರಾಮಾಣಿಕವಾಗಿ ಬರೆದಿಡಬೇಕು. ಅದೇ ಕಾಯ್ದೆಯ ಪ್ರಕಾರ 60 ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಅಂದರೆ ನಿಯಮ ಪೂರ್ಣವಾಗಿ ಪಾಲನೆಯಾದಾಗಲೂ ಐದು ತರಗತಿಗಳಿಗೆ ಇಬ್ಬರೇ. ನಲಿ-ಕಲಿ ಪದ್ಧತಿಯಲ್ಲಿ ಮೂರನೆಯ ತರಗತಿಯವರೆಗೆ ಕಾರ್ಡುಗಳ ಮೂಲಕ ತನ್ನ ವೇಗದಲ್ಲಿ ಕಲಿತ ಮಗು, ನಾಲ್ಕನೆಯ ತರಗತಿಯಲ್ಲಿ ಎಲ್ಲರೊಂದಿಗೆ ಒಂದೇ ವೇಗದಲ್ಲಿ ಪಠ್ಯಪುಸ್ತಕಕ್ಕೆ ಬರುತ್ತದೆ. ನನ್ನ ಅಭಿಪ್ರಾಯದಲ್ಲಿ ಅತಿ ಹೆಚ್ಚು ಗಮನ ಬೇಕಾದ ಘಟ್ಟ ಇದೇ. ಓದಿನ ಪರಿಶೀಲನೆಯನ್ನು ಒಂದೇ ತರಗತಿಯಲ್ಲಿ ಮಾಡಲು ಸಮಯವಿದ್ದರೆ, ಐದನೆಯದನ್ನು ಬಿಟ್ಟು ನಾಲ್ಕನೆಯದನ್ನು ಆರಿಸಿಕೊಳ್ಳಿ.

ಕಾರಣ ತಿಳಿದ ಮೇಲೆ ಮಕ್ಕಳನ್ನು ತರಗತಿಯ ಪ್ರಕಾರವಲ್ಲದೆ, ಕಲಿಕೆ ನಿಂತ ಹಂತದ ಪ್ರಕಾರ ಗುಂಪು ಮಾಡಿ ದಿನವೂ ಒಂದು ಅವಧಿ ಕಲಿಸಿ. ಒತ್ತಕ್ಷರದ ಗುಂಪಿನಲ್ಲಿ ಮೂರನೆಯ ಮತ್ತು ಐದನೆಯ ತರಗತಿಯವರು ಒಟ್ಟಿಗೆ ಕುಳಿತರೆ ತಪ್ಪಿಲ್ಲ, ಹಿರಿಯ ಮಗುವನ್ನು ಯಾರೂ ಹಂಗಿಸದಂತೆ ನೋಡಿಕೊಂಡರೆ ಸಾಕು. ದಸರಾ ರಜೆಗೆ ಮೊದಲು ಅದೇ ಪದಗಳು, ಅದೇ ಬಗೆಯ ಲೆಕ್ಕಗಳಿಂದ ಮತ್ತೆ ಪರಿಶೀಲಿಸಿ ಗುಂಪು ಬದಲಿಸಿ.